ಇಂದಿನ ಧಮ್ಮ ಚಿಂತನೆ: ಗೇಣಿ ಬಾಕಿ ಮತ್ತು ಎರಡನೆಯ ಶೀಲ



ಕಳೆದ ಭಾನುವಾರ ಪಂಚಶೀಲ ಹೇಳಿದ ಮೇಲೆ ಒಬ್ಬ ಹುಡುಗ ಕೇಳಿದ: "ಸರ್, ಗೇಣಿ ಕೊಡದೆ ಹೊಲದಲ್ಲೇ ಉಳಿದರೆ ಅದೂ ಕೊಡದದ್ದನ್ನು ತಗೊಂಡಂತೆ ಅಲ್ಲವೇ? ಕಾನೂನು ಅಂಥವನನ್ನು ಯಾಕೆ ಕಾಪಾಡಬೇಕು?" ಆಗ ಏನೋ ಹೇಳಿ ಜಾರಿಕೊಂಡೆ.

ಬುದ್ಧರು ಸಾಲವನ್ನು ಹಗುರವಾಗಿ ಕಂಡವರಲ್ಲ. ಗೃಹಸ್ಥನ ನಾಲ್ಕು ಸುಖಗಳಲ್ಲಿ ಸಾಲವಿಲ್ಲದಿರುವುದೂ ಒಂದು ಎಂದು ಅನಾಥಪಿಂಡಿಕನಿಗೆ ಹೇಳಿದ್ದಾರೆ. ಆದರೆ ಕೂಟದಂತ ಸುತ್ತದಲ್ಲಿ ಕಳ್ಳತನ ಹೆಚ್ಚಿದ ರಾಜ್ಯಕ್ಕೆ ಅವರು ತೋರಿಸುವ ದಾರಿ ದಂಡನೆಯಲ್ಲ, ಉಳುವವನಿಗೆ ಬೀಜ ಕೊಡುವುದು. ಬಾಕಿ ಉಳಿಸಿದವನು ಸಾಲಗಾರ. ಅವನ ಹೊಲ ಕಿತ್ತುಕೊಂಡರೆ ಸಾಲ ತೀರಿಸುವ ದಾರಿಯನ್ನೇ ಕಿತ್ತುಕೊಂಡಂತೆ.

ಬಾಬಾಸಾಹೇಬರು 1937ರ ಸೆಪ್ಟೆಂಬರ್ 17ರಂದು ಮುಂಬಯಿ ಶಾಸನಸಭೆಯಲ್ಲಿ ಕೊಂಕಣದ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ಮಂಡಿಸಿದರು. ಮರುವರ್ಷ ಜನವರಿಯಲ್ಲಿ ಸಾವಿರಾರು ರೈತರು ಮುಂಬಯಿಯಲ್ಲಿ ಮೆರವಣಿಗೆ ಮಾಡಿದರು. ಮಸೂದೆ ಆಗ ಪಾಸಾಗಲಿಲ್ಲ. 1948ರ ಮುಂಬಯಿ ಗೇಣಿ ಕಾಯ್ದೆ ನಮ್ಮ ವಿಜಯಪುರ, ಬೆಳಗಾವಿ, ಧಾರವಾಡ ಸೀಮೆಗೂ ಅನ್ವಯಿಸುತ್ತಿತ್ತು. ಬಾಕಿಗಾಗಿ ಬಿಡಿಸಲು ಬಂದರೆ ಮಾಮಲೆದಾರರು ಗೇಣಿದಾರನಿಗೆ ಗಡುವು ಕೊಡಬೇಕು; ಬಾಕಿಯನ್ನೂ ಖರ್ಚನ್ನೂ ಕಟ್ಟಿದರೆ ಹೊಲ ಅವನ ಕೈಯಲ್ಲೇ. ಬರ ಬಿದ್ದು ಸರ್ಕಾರ ಕಂದಾಯ ಬಿಟ್ಟರೆ ಮಾಲೀಕನೂ ಗೇಣಿ ಬಿಡಬೇಕು. ಮೂರು ವರ್ಷ ಬಾಕಿ ಮಾಡಿದವನಿಗೆ, ಮಾಲೀಕ ಪ್ರತಿಸಲ ನೋಟಿಸು ಕೊಟ್ಟಿದ್ದರೆ, ಈ ರಿಯಾಯಿತಿ ಇಲ್ಲ. ಕೊಡಲಾರದವನಿಗೂ ಕೊಡದವನಿಗೂ ಕಾನೂನು ಭೇದ ಮಾಡಿತ್ತು.

ಗೇಣಿ ತಗೊಂಡರೆ ರಸೀದಿ ಕೊಡಬೇಕೆಂದೂ ಅದರಲ್ಲಿತ್ತು. ನಮ್ಮ ಮುತ್ಯಾ ವರ್ಷಾ ವರ್ಷಾ ಜೋಳದ ಚೀಲ ಹೊತ್ತು ಹಾಕಿ ಬಂದವರು, ಒಂದು ಚೀಟಿಯನ್ನೂ ಕೇಳಲಿಲ್ಲ. ಕೇಳುವ ಧೈರ್ಯ ನಮ್ಮ ಕೇರಿಯಲ್ಲಿ ಯಾರಿಗಿತ್ತು? ಒಂದು ಬರಗಾಲದಲ್ಲಿ ತಪ್ಪಿತು. ಹಿಂದಿನದೂ ಕೊಟ್ಟಿಲ್ಲ ಎಂದು ಹೊಲ ಬಿಡಿಸಿದರು.

ಇದನ್ನೆಲ್ಲ ಹುಡುಗನಿಗೆ ಯಾಕೆ ಹೇಳಲಿಲ್ಲವೆಂದರೆ, ಈಗ ಮಾಲೀಕ ನಾನೇ. ಅಪ್ಪ ನೌಕರಿ ದುಡ್ಡಲ್ಲಿ ಕೊಂಡ ಮೂರು ಎಕರೆಯನ್ನು ಊರಿನ ನಮ್ಮವನೇ ಒಬ್ಬನಿಗೆ ಬಾಯಿಮಾತಲ್ಲಿ ಕೊಟ್ಟಿದ್ದೇನೆ. 1974ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಸೈನಿಕರಂಥ ಕೆಲವರನ್ನು ಬಿಟ್ಟು ಯಾರೂ ಹೊಲ ಗೇಣಿಗೆ ಕೊಡುವಂತಿಲ್ಲ. ಅಂದರೆ ತಪ್ಪು ನನ್ನದೂ ಹೌದು, ಆದರೆ ಪೆಟ್ಟು ಬೀಳುವುದು ಅವನಿಗೆ. ಪಹಣಿಯಲ್ಲಿ ಅವನ ಹೆಸರಿಲ್ಲ, ಯಾವ ಕಚೇರಿಗೂ ಹೋಗುವಂತಿಲ್ಲ. ಮುತ್ಯಾನಿಗೆ ಕಾಗದದ ಮೇಲಾದರೂ ಕಾನೂನಿತ್ತು. ಇವನಿಗಿರುವುದು ನನ್ನ ಶೀಲ ಒಂದೇ.

ಈ ಸಲ ತೊಗರಿ ಕೈಕೊಟ್ಟಿದೆ, ಅವನು ಗೇಣಿ ಕೊಟ್ಟಿಲ್ಲ. ಹೆಚ್ಚು ಕೊಡುತ್ತೇನೆಂದು ಬೇರೊಬ್ಬ ಬಂದಿದ್ದ, ನನಗೂ ಆಸೆಯಾಗಿತ್ತು. ನಿನ್ನೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ಹೊಲ ಬಿಡಬೇಕೇನ್ರಿ ಅಣ್ಣಾರ?" ಅಂದ. ಬೇಡ, ಮುಂದಿನ ಬೆಳೆಗೆ ನೋಡೋಣ ಅಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಹೋದ ಎರಡು ವರ್ಷದ ಗೇಣಿಗೆ ನಾನೂ ಅವನಿಗೆ ಚೀಟಿ ಕೊಟ್ಟಿಲ್ಲ. ಬರೆದಿಟ್ಟಿದ್ದೇನೆ. ಅದನ್ನು ಕೊಡಲು ಊರಿಗೆ ಹೋಗುವುದರಿಂದ ಈ ಭಾನುವಾರದ ತರಗತಿಗೆ ಬರಲಾಗುವುದಿಲ್ಲ.