ಬರೆಯುವವರು ಯಾರು, ಸಹಿ ಯಾರದು?



ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವ ಕೊನೆಯ ದಿನವನ್ನು 2025ರಲ್ಲಿ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಹಾಗಾಗಿ ಭಾನುವಾರದ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ ಆ ಪ್ರಶ್ನೆ ಜುಲೈ ಮುಗಿದ ಮೇಲೂ ಕೇಳಿಬರುತ್ತಿತ್ತು: ನಾವೇ ಮಾಡುವುದೋ, ಯಾರಿಗಾದರೂ ಕೊಡುವುದೋ? ಕೇಳುವವರಿಗೆ ಸಾಮಾನ್ಯವಾಗಿ ಬೇಕಾದದ್ದು ಒಂದು ಹೆಸರು, ಒಂದು ಫೋನ್ ನಂಬರು ಮತ್ತು "ಎಷ್ಟು ತೆಗೆದುಕೊಳ್ಳುತ್ತಾರೆ" ಎಂಬುದಕ್ಕೆ ಉತ್ತರ. ಆದರೆ ಇದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ನನ್ನ ಹೆಸರಿನಲ್ಲಿ ಇನ್ನೊಬ್ಬರು ಬರೆದ ಲೆಕ್ಕಕ್ಕೆ ನಾನು ಎಷ್ಟರ ಮಟ್ಟಿಗೆ ಹೊಣೆ?

ಸ್ವತಃ ಮಾಡುವುದರಲ್ಲಿ ವಿಶೇಷ ಪುಣ್ಯವೇನೂ ಇಲ್ಲ. ಅಂಗಿ ಹೊಲಿಸಲು ಟೈಲರರ ಬಳಿ, ಹಲ್ಲು ಕೀಳಿಸಲು ವೈದ್ಯರ ಬಳಿ ಹೋಗುವವರು ಲೆಕ್ಕಕ್ಕೆ ಲೆಕ್ಕ ಬಲ್ಲವರ ಬಳಿ ಹೋದರೆ ತಪ್ಪೇನು? ನಮ್ಮ ಕಾಸರಗೋಡಿನ ಕಡೆ ಇದಕ್ಕೆ ಇನ್ನೂ ಒಂದು ಕಾರಣವಿದೆ. ಕನ್ನಡ ಶಾಲೆಯಲ್ಲಿ ಕಲಿತು, ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡಿ, ಪಂಚಾಯತಿನಲ್ಲಿ ಮಲಯಾಳದಲ್ಲಿ ವ್ಯವಹರಿಸುವ ಹಿರಿಯರಿಗೆ ತೆರಿಗೆ ಇಲಾಖೆಯ ನೋಟಿಸು ಬರುವುದು ಇಂಗ್ಲಿಷಿನಲ್ಲಿ. ಅವರಿಗೆ ಸಹಾಯ ಬೇಕು ಎನ್ನುವುದು ಸೋಮಾರಿತನವಲ್ಲ.

ಆದರೆ ಇದೇ ಹಿರಿಯರು ಜಾಗದ ದಸ್ತಾವೇಜು ಮಾಡಿಸುವಾಗ ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿ. ಅಲ್ಲಿಯೂ ಬರೆಯುವವರು ಬೇರೆಯವರೇ, ಭಾಷೆ ಎಷ್ಟೋ ಸಲ ಮಲಯಾಳವೇ. ಆದರೂ ಓದಿಸಿ ಕೇಳದೆ ಯಾರೂ ಸಹಿ ಹಾಕುವುದಿಲ್ಲ. ಅಳಿಯನನ್ನೋ ನೆರೆಮನೆಯ ಮಾಸ್ಟ್ರನ್ನೋ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಸರ್ವೆ ನಂಬರು ಸರಿಯೇ, ಎಷ್ಟು ಸೆಂಟ್ಸ್, ಪಡುವಣ ಗಡಿಯಲ್ಲಿರುವುದು ತೋಡೋ ದಾರಿಯೋ, ಬಾವಿಯ ಹಕ್ಕು ಬರೆದಿದೆಯೇ? ಒಂದೊಂದನ್ನೂ ಬಿಡಿಸಿ ಕೇಳುತ್ತಾರೆ. ಅರ್ಥವಾಗದಿದ್ದರೆ ಮತ್ತೊಮ್ಮೆ ಓದಿಸುತ್ತಾರೆ. ಭಾಷೆ ಅಡ್ಡಿಯಾಗುವುದಿಲ್ಲ.

ರಿಟರ್ನಿನ ವಿಷಯದಲ್ಲಿ ಅದೇ ಮನುಷ್ಯ ಪ್ಯಾನ್ ನಂಬರು, ಪಾಸ್‌ವರ್ಡ್, ಕೊನೆಗೆ ಮೊಬೈಲಿಗೆ ಬಂದ ಒಟಿಪಿಯನ್ನೂ ಫೋನಿನಲ್ಲೇ ಹೇಳಿ, "ಎಲ್ಲ ಆಯಿತಲ್ಲ?" ಎಂದು ಕೇಳಿ ಸುಮ್ಮನಾಗುತ್ತಾರೆ. ಆ ಒಟಿಪಿಯೇ ಇಂದಿನ ಸಹಿ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಅದನ್ನು ದೃಢೀಕರಿಸಬೇಕು. ದೃಢೀಕರಣದ ಮಾತು ಬರೆದವರ ಹೆಸರಿನಲ್ಲಿಲ್ಲ, ನಮ್ಮ ಹೆಸರಿನಲ್ಲಿದೆ: ಇಲ್ಲಿರುವ ವಿವರಗಳು ನನಗೆ ತಿಳಿದಮಟ್ಟಿಗೆ ಸರಿ ಮತ್ತು ಪೂರ್ಣ ಎಂದು ನಾವೇ ಘೋಷಿಸುತ್ತೇವೆ. ಅಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದು ಕಾನೂನಿನ ಪ್ರಕಾರ ಅಪರಾಧ.

ಜಾಗದ ಕಾಗದಕ್ಕೆ ಅಷ್ಟು ಎಚ್ಚರ, ಇದಕ್ಕೆ ಇಷ್ಟು ಉದಾಸೀನ ಏಕೆ? ಕಾರಣ ಕಷ್ಟದ್ದೇನಲ್ಲ ಎಂದು ನನಗೆ ಕಾಣುತ್ತದೆ. ದಸ್ತಾವೇಜಿನಲ್ಲಿ ತಪ್ಪಾದರೆ ನಷ್ಟ ನಮಗೆ. ರಿಟರ್ನಿನಲ್ಲಿ ತಪ್ಪಾದರೆ, ಆ ದಿನದ ಮಟ್ಟಿಗಾದರೂ, ಲಾಭ ನಮಗೆ. ಆದ್ದರಿಂದ ಅದನ್ನು ಓದಲು ಮನಸ್ಸಾಗುವುದಿಲ್ಲ. ಓದಿದರೆ ಗೊತ್ತಾಗಿಬಿಡುತ್ತದೆ!

ಸಂತ ತೋಮಸ್ ಅಕ್ವಿನಾಸರು ಅಜ್ಞಾನವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಎಷ್ಟು ಪ್ರಯತ್ನಿಸಿದರೂ ತಿಳಿಯಲಾಗದ ಅಜ್ಞಾನ ಒಂದು. ಅದು ಮನುಷ್ಯನನ್ನು ದೋಷದಿಂದ ಬಿಡಿಸುತ್ತದೆ. ತಿಳಿದರೆ ಮಾಡಲಾಗದು ಎಂಬ ಕಾರಣಕ್ಕೇ ತಿಳಿಯದೆ ಉಳಿಯಬಯಸುವ ಅಜ್ಞಾನ ಇನ್ನೊಂದು. ಅದು ಕ್ಷಮೆಗೆ ಕಾರಣವಾಗುವುದಿಲ್ಲ, ಏಕೆಂದರೆ ಆ ಅಜ್ಞಾನವನ್ನು ನಾವೇ ಬಯಸಿದ್ದೇವೆ. ಇಂಗ್ಲಿಷ್ ಬಾರದ ಅಜ್ಜಿಯೊಬ್ಬರ ಪಿಂಚಣಿ ಲೆಕ್ಕದಲ್ಲಿ ಏಜೆಂಟರು ತಪ್ಪು ಮಾಡಿದರೆ ಅದು ಮೊದಲನೆಯದು. ಸಂಬಳದ ಚೀಟಿಯನ್ನು ಸರಾಗವಾಗಿ ಓದಬಲ್ಲ ಮೊಮ್ಮಗ, 40,000 ರೂಪಾಯಿ ರಿಫಂಡ್ ಹೇಗೆ ಬಂತೆಂದು ಕೇಳದೆ ತೆಗೆದುಕೊಂಡರೆ ಅದು ಎರಡನೆಯದು. "ನನಗೇನೂ ಗೊತ್ತಿಲ್ಲ, ಎಲ್ಲ ಏಜೆಂಟರೇ ಮಾಡಿದ್ದು" ಎಂಬ ಒಂದೇ ವಾಕ್ಯವನ್ನು ಇಬ್ಬರೂ ಹೇಳಬಹುದು. ಅಜ್ಜಿಯ ಬಾಯಲ್ಲಿ ಅದು ನಿಜ.

ಇದು ಬರೀ ತರ್ಕಕ್ಕಾಗಿ ಹೇಳುವ ಮಾತಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯು ದೇಶದ 150 ಕಡೆ ಶೋಧ ನಡೆಸಿತು. ಕಮಿಷನ್ನಿಗಾಗಿ ಸುಳ್ಳು ವಿನಾಯಿತಿ ತೋರಿಸಿ ರಿಫಂಡ್ ತೆಗೆಸಿಕೊಡುವ ಏಜೆಂಟರ ಜಾಲದ ಮೇಲೆ ಆ ಕ್ರಮ. ಕೊಡದ ಮನೆಬಾಡಿಗೆ, ಕಟ್ಟದ ಆರೋಗ್ಯ ವಿಮೆ, ಇಲ್ಲದ ಶಿಕ್ಷಣ ಸಾಲ, ರಾಜಕೀಯ ಪಕ್ಷಕ್ಕೆ ಕೊಟ್ಟೆನೆಂಬ ದೇಣಿಗೆ ಇವೆಲ್ಲ ಆ ರಿಟರ್ನುಗಳಲ್ಲಿದ್ದವು. ಅದಕ್ಕೆ ಮುಂಚಿನ 4 ತಿಂಗಳಲ್ಲಿ ಸುಮಾರು 40,000 ಜನ ತಾವಾಗಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ಹಿಂತೆಗೆದುಕೊಂಡರೆಂದು ಇಲಾಖೆ ಹೇಳಿದೆ. ಇನ್ನೊಂದು ವಿವರ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಎಷ್ಟೋ ರಿಟರ್ನುಗಳಲ್ಲಿ ಕೊಟ್ಟಿದ್ದ ಇಮೇಲ್ ವಿಳಾಸಗಳು ಆ ಕೆಲಸಕ್ಕೆಂದೇ ತೆರೆದು ಆಮೇಲೆ ಕೈಬಿಟ್ಟವು. ಇಲಾಖೆಯ ನೋಟಿಸು ಅಲ್ಲಿಗೆ ಹೋಗಿ ಯಾರೂ ಓದದೆ ಬಿದ್ದಿರುತ್ತದೆ. ಅಂದರೆ ಸಹಿ ನಮ್ಮದು, ಮನೆ ವಿಳಾಸ ಮಾತ್ರ ಬೇರೆಯವರದು.

"ದೊಡ್ಡವರು ಕೋಟಿಗಟ್ಟಲೆ ನುಂಗುತ್ತಾರೆ, ಸಂಬಳದವನು ಮಾತ್ರ ಸತ್ಯಹರಿಶ್ಚಂದ್ರ ಆಗಬೇಕೇ?" ಎಂದು ಕೇಳುವವರಿದ್ದಾರೆ. ಈ ಸಿಟ್ಟು ಸುಳ್ಳಲ್ಲ. ಸಂಬಳದಾರನ ತೆರಿಗೆ ಕೈಗೆ ಹಣ ಬರುವ ಮೊದಲೇ ಕಡಿತವಾಗುತ್ತದೆ. ವ್ಯಾಪಾರಿಗಿರುವ ಅವಕಾಶ ಅವನಿಗಿಲ್ಲ. ಆದರೆ ಆ ಸಿಟ್ಟಿಗೆ ಉತ್ತರವಾಗಿ ಇಲ್ಲದ ಸಾಲವನ್ನೋ ಇಲ್ಲದ ಕಾಯಿಲೆಯನ್ನೋ ತನ್ನ ಹೆಸರಿನಲ್ಲಿ ಬರೆಸಿದರೆ ದೊಡ್ಡವರಿಗೆ ಏನೂ ಆಗುವುದಿಲ್ಲ. ಅಂಗವಿಕಲ ಮಗುವಿದ್ದು ನಿಜವಾಗಿ ಆ ವಿನಾಯಿತಿ ಬೇಕಾದ ಮನೆಯವರು ನಾಳೆ ಇನ್ನಷ್ಟು ದಾಖಲೆ ಹಿಡಿದು ಅಲೆಯಬೇಕಾಗುತ್ತದೆ, ಅಷ್ಟೆ. 2025ರಲ್ಲೇ ರಿಟರ್ನಿನಲ್ಲಿ ವಿಮೆಯ ಪಾಲಿಸಿ ನಂಬರು, ಸಾಲ ಕೊಟ್ಟ ಬ್ಯಾಂಕಿನ ವಿವರ ಇವನ್ನೆಲ್ಲ ತುಂಬಿಸಬೇಕಾಗಿ ಬಂತು.

ಹಾಗಾದರೆ ಯಾರು ಸ್ವತಃ ಮಾಡಬಹುದು? ಸಂಬಳ ಅಥವಾ ಪಿಂಚಣಿ, ಜೊತೆಗೆ ಬ್ಯಾಂಕಿನ ಬಡ್ಡಿ ಮಾತ್ರ ಇರುವವರು ಧೈರ್ಯವಾಗಿ ಕುಳಿತು ನೋಡಬಹುದು. 'ಸಹಜ್' ಎಂಬ ಸರಳ ನಮೂನೆಯಲ್ಲಿ ಬಹುಪಾಲು ವಿವರ ಮೊದಲೇ ತುಂಬಿಕೊಂಡಿರುತ್ತದೆ. ಫಾರ್ಮ್ 16 ಮತ್ತು ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಕಂಪ್ಯೂಟರ್ ಬಲ್ಲ ಮಗಳೋ ನೆರೆಮನೆಯ ಯುವಕನೋ ಜೊತೆಗಿದ್ದರೆ ಒಂದು ಸಂಜೆಯ ಕೆಲಸ. (ಹತ್ತು ಮನೆಗೆ ಧರ್ಮಾರ್ಥವಾಗಿ ರಿಟರ್ನ್ ಮಾಡಿಕೊಡುವ ಯುವಕರಿಗೆ ಒಂದು ಮಾತು: ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಒಟಿಪಿ ಕೇಳಿ.)

ಆದರೆ ನಮ್ಮ ಊರಿನ ಜೀವನ ಅಷ್ಟು ಸರಳವಾಗಿರುವುದಿಲ್ಲ. ಶಾಲೆಯ ಟೀಚರಿಗೆ ಅಡಿಕೆ ತೋಟವೂ ಇರುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅದು 5,000 ರೂಪಾಯಿ ದಾಟಿದರೆ ಸಹಜ್ ನಮೂನೆ ಬಳಸುವಂತಿಲ್ಲ, ಸಂಬಳದ ತೆರಿಗೆಯ ದರ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ ನೋಡುವ ಕ್ರಮವಿದೆ. ಕೊಲ್ಲಿಯಲ್ಲಿದ್ದು ಅನಿವಾಸಿ ಎನಿಸಿಕೊಂಡವರಿಗೂ ಸಹಜ್ ಇಲ್ಲ. ಊರಿಗೆ ಮರಳಿದವರ ಖಾತೆಗಳ ಬಡ್ಡಿಗೆ ನಿಯಮ ಬೇರೆ. ಪಾಲಿಗೆ ಬಂದ ಜಾಗ ಮಾರಿದರಂತೂ ಅದು ಕೃಷಿಭೂಮಿಯೇ, ನಗರಸಭೆಯಿಂದ ಎಷ್ಟು ದೂರ, ಕೊಂಡದ್ದು ಯಾವಾಗ, ಮಾರಿದ್ದು 2024ರ ಜುಲೈ 23ಕ್ಕೆ ಮೊದಲೋ ನಂತರವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಇಂಥವರು ಹಣ ಉಳಿಸಲೆಂದು ಸ್ವತಃ ಕೂರುವುದು ಪ್ರಾಮಾಣಿಕತೆಯಲ್ಲ, ಹಠ. ಬಲ್ಲವರಿಗೆ ಶುಲ್ಕ ಕೊಟ್ಟು ಮಾಡಿಸುವುದೇ ಸರಿ.

ಬಲ್ಲವರನ್ನು ಗುರುತಿಸುವುದು ಹೇಗೆ? ಅವರು ಪ್ರಶ್ನೆ ಕೇಳುತ್ತಾರೆ. ತೋಟವಿದೆಯೇ, ಸಹಕಾರಿ ಬ್ಯಾಂಕಿನಲ್ಲಿ ಠೇವಣಿಯಿದೆಯೇ, ರಸೀದಿ ಎಲ್ಲಿ ಎಂದು ತಲೆ ತಿನ್ನುತ್ತಾರೆ. ಏನೂ ಕೇಳದೆ ಎಷ್ಟು ರಿಫಂಡ್ ಬರುತ್ತದೆಂದು ಮೊದಲೇ ಹೇಳುವವರಿಂದ, ಅದರಲ್ಲಿ ಶೇಕಡಾ ಇಷ್ಟು ನನಗೆ ಎನ್ನುವವರಿಂದ ದೂರವಿರುವುದು ಒಳ್ಳೆಯದು. ಫಲಿತಾಂಶದ ಪಾಲನ್ನು ಶುಲ್ಕವಾಗಿ ಪಡೆಯುವುದು ಸಾಮಾನ್ಯವಾಗಿ ಚಾರ್ಟರ್ಡ್ ಅಕೌಂಟೆಂಟರ ವೃತ್ತಿನಿಯಮಕ್ಕೇ ವಿರುದ್ಧ. ಖಾತೆಯಲ್ಲಿರುವ ಇಮೇಲ್, ಮೊಬೈಲ್ ಎರಡೂ ನಮ್ಮದೇ ಇರಲಿ, ಸಲ್ಲಿಸಿದ ರಿಟರ್ನಿನ ಪೂರ್ತಿ ಪ್ರತಿ ಮನೆಯಲ್ಲಿರಲಿ.

ಹಿಂದಿನ ವರ್ಷಗಳ ರಿಟರ್ನ್ ತೆಗೆದು ನೋಡಿದಾಗ, ತಾವು ಎಂದೂ ಮಾಡದ ಸಾಲ ಅದರಲ್ಲಿ ಕಂಡರೆ? ಇಲಾಖೆಯಿಂದ ವಿಚಾರಣೆ ಶುರುವಾಗಿಲ್ಲದಿದ್ದರೆ ಸರಿಪಡಿಸಿದ ರಿಟರ್ನ್ ಸಲ್ಲಿಸಲು ದಾರಿಯಿದೆ. 2025ರಲ್ಲಿ ಅದರ ಅವಧಿಯನ್ನು 24 ತಿಂಗಳಿಂದ 48 ತಿಂಗಳಿಗೆ ಏರಿಸಿದ್ದಾರೆ. ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25, ಎರಡನೆಯ ವರ್ಷ 50, ಮೂರನೆಯದರಲ್ಲಿ 60, ನಾಲ್ಕನೆಯದರಲ್ಲಿ 70 ಹೆಚ್ಚುವರಿ ಕಟ್ಟಬೇಕು. ಆ ಮೊಮ್ಮಗನ 40,000 ರೂಪಾಯಿ ಮೂರನೆಯ ವರ್ಷದಲ್ಲಿ 64,000 ಮೀರುತ್ತದೆ, ಬಡ್ಡಿ ಬೇರೆ. ಇಲಾಖೆಯೇ ಮೊದಲು ಕಂಡುಹಿಡಿದರೆ ದಂಡ ತೆರಿಗೆಯ ಶೇ. 200ರವರೆಗೆ ಹೋಗಬಹುದು. ಏಜೆಂಟರಿಗೆ ಕೊಟ್ಟ ಕಮಿಷನ್ ಎರಡು ಸಂದರ್ಭದಲ್ಲೂ ವಾಪಸು ಬರುವುದಿಲ್ಲ.