ಮರೆತ ಭಯ

ವಿಜಯಪುರದ ಅಥಣಿ ರಸ್ತೆಯಲ್ಲಿ ನಡುರಾತ್ರಿ ಭಾರದ ಲಾರಿಯೊಂದು ತಿಕೋಟಾದ ಕಡೆಗೆ ಸಾಗುತ್ತದೆ. ರಸ್ತೆಯಂಚಿನ ಮನೆಯಲ್ಲಿ ನಾಗಂದಿಗೆಯ ಮೇಲಿನ ಗಂಗಾಳಗಳು ಸಣ್ಣಗೆ ಅದುರುತ್ತವೆ. ಅಷ್ಟಕ್ಕೇ ಮಲಗಿದ್ದ ಗೃಹಿಣಿಯು ದಿಗ್ಗನೆ ಎದ್ದು ಕೂಡುವಳು. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಕಾಲು ತಾನಾಗಿಯೇ ಬಾಗಿಲ ಕಡೆಗೆ ತಿರುಗುವುದು. ಏಕೆಂದು ಕೇಳಿದರೆ ಆಕೆಯೇ ಅರಿಯಳು. ಮನೆಯವರು ‘ಪುಕ್ಕಲು’ ಎಂದು ನಕ್ಕು ಮಗ್ಗಲು ಬದಲಿಸುವರು. ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿಯಿದು. ಆದರೆ ಆ ನಗೆಯು ನ್ಯಾಯವಾದುದೇ ಎಂಬುದು ವಿಚಾರಾರ್ಹವಾಗಿದೆ.

1993ನೆಯ ಸಪ್ಟೆಂಬರ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ತುಸು ಮುಂಚೆ, ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲಿನ ಭೂಮಿಯು ನಡುಗಿತು. ಕಲ್ಲುಮಣ್ಣಿನ ಗೋಡೆಗಳೂ ಭಾರದ ಮಾಳಿಗೆಗಳೂ ಮಲಗಿದವರ ಮೇಲೆಯೇ ಕುಸಿದು ಸುಮಾರು ಹತ್ತು ಸಾವಿರ ಜನರು ಮಡಿದರು. ಆ ಕಂಪವು ಈ ಸೀಮೆಗೂ ತಿಳಿಯಿತು. ಮುಂದೆ 2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯಲ್ಲಿಯೇ ಸಣ್ಣ ಕಂಪಗಳಾದಾಗ ಜನರು ಮನೆ ಬಿಟ್ಟು ಬೀದಿಗೆ ಬಂದರು. 1993ರಲ್ಲಿ ಎರಡು ವರುಷದ ಕೂಸಾಗಿ ತಾಯಿಯ ತೋಳಿನಲ್ಲಿ ಅಂಗಳಕ್ಕೆ ಬಂದವಳಿಗೆ ಆ ರಾತ್ರಿಯ ನೆನಪಿರಲಾರದು. ಆದರೆ ನೆನಪಿಲ್ಲವೆಂದ ಮಾತ್ರಕ್ಕೆ ಅದರ ಗುರುತೂ ಅಳಿದುಹೋಯಿತೆನ್ನಬಹುದೇ?

ಜಿನೀವಾದ ಮನಶ್ಶಾಸ್ತ್ರಜ್ಞನಾದ ಕ್ಲಾಪಾರೇದನು 1911ರಲ್ಲಿ ಒಂದು ಪ್ರಸಂಗವನ್ನು ಪ್ರಕಟಿಸಿದನು. ಹೊಸ ನೆನಪು ನಿಲ್ಲದ ರೋಗಿಣಿಯೊಬ್ಬಳ ಕೈಯನ್ನು ಹಿಡಿಯುವಾಗ ಅವನು ಬೆರಳುಗಳ ನಡುವೆ ಅಡಗಿಸಿದ್ದ ಗುಂಡುಸೂಜಿಯಿಂದ ಚುಚ್ಚಿದನು. ಆಕೆ ಅದನ್ನು ಬೇಗನೆ ಮರೆತಳು. ಆದರೂ ಅವನು ಮತ್ತೆ ಕೈ ನೀಡಿದಾಗ ತನ್ನ ಕೈಯನ್ನು ಹಿಂದೆಗೆದಳು. ಘಟನೆಯ ಕಥೆಯನ್ನು ಕಾಯುವ ಮಿದುಳಿನ ಭಾಗವೇ ಬೇರೆ, ಭಯದ ಗುರುತನ್ನು ಹಿಡಿಯುವ ಅಮಿಗ್ಡಲವೆಂಬ ಭಾಗವೇ ಬೇರೆ ಎಂದು ಇಂದಿನ ಶಾಸ್ತ್ರವು ತಿಳಿಸುತ್ತದೆ. ನಮ್ಮ ಹಿರಿಯರು ಇಂಥ ಗುರುತನ್ನೇ ಸಂಸ್ಕಾರವೆಂದೂ ವಾಸನೆಯೆಂದೂ ಕರೆದರು. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ, ಶಕುಂತಲೆಯನ್ನು ಮರೆತ ದುಷ್ಯಂತನು ಹಂಸಪದಿಕೆಯ ಹಾಡನ್ನು ಕೇಳಿ ಕಾರಣವರಿಯದೆ ತಳಮಳಗೊಳ್ಳುವನು. ಆದರೆ ಆ ತಳಮಳದ ಬೇರನ್ನು ಅವನು ಕಾಣದೆ ಹೋದನು. ಅದೇ ಅಂಕದಲ್ಲಿ ಬಾಗಿಲಿಗೆ ಬಂದ ಹೆಂಡತಿಯನ್ನು ತಿರಸ್ಕರಿಸಿದನು.

ಎಲ್ಲ ಭಯಕ್ಕೂ ಕ್ಷಮೆಯುಂಟೆಂದರೆ ಧೈರ್ಯವೆಂಬ ಗುಣಕ್ಕೆ ಬೆಲೆಯೇನೆಂದು ಆಕ್ಷೇಪಿಸಬಹುದು. ಇದಕ್ಕೆ ಉತ್ತರವೇನೆಂದರೆ: ಇಚ್ಛೆಯಿಲ್ಲದಲ್ಲಿ ದೋಷವಿಲ್ಲ. ಎದೆಯ ಮೊದಲ ಬಡಿತವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಧೈರ್ಯದ ಪರೀಕ್ಷೆಯು ಅದರ ಮರುಕ್ಷಣದಿಂದ ಆರಂಭವಾಗುವುದು. ಹಳೆಯ ಭಯವು ಸುಳ್ಳುಗಾರನಲ್ಲ, ಆದರೆ ಇಂದಿನ ಸಂಗತಿಗೆ ಅದು ತಕ್ಕ ಸಾಕ್ಷಿಯೂ ಅಲ್ಲ. ಆದಕಾರಣ ಅದನ್ನು ಹಳಿಯದೆ, ಅದರ ಮಾತಿನಂತೆ ಓಡಲೂ ಓಡದೆ, ವಿಚಾರಿಸಿ ನೋಡುವುದೇ ಭಯಗೊಂಡವರ ಧರ್ಮ. ಬೇರು ಕಾಣದಿದ್ದರೆ ಇಲ್ಲದ ಕಥೆಯನ್ನು ಕಟ್ಟತಕ್ಕದ್ದಲ್ಲ. ಬಾಧೆಯು ಬಾಳನ್ನೇ ಕೆಡಿಸಿದರೆ ವೈದ್ಯರ ನೆರವನ್ನು ಪಡೆಯಲು ನಾಚಬೇಕಾದುದೂ ಇಲ್ಲ.

ಬಳಿಯಲ್ಲಿದ್ದವರ ಧರ್ಮವು ಇನ್ನೂ ಸುಲಭವಾದುದು. ಎದ್ದು ದೀಪ ಹಚ್ಚಿ, ‘ಲಾರಿ ಹೋಯಿತವ್ವಾ, ನೆಲ ಅಲುಗಿಲ್ಲ’ ಎಂದರೆ ಸಾಕು. ನಗೆಯಿಂದ ಆ ಭಯವು ಮತ್ತಷ್ಟು ಒಳಸೇರುವುದು. ಈ ಒಂದು ಮಾತಿನಿಂದ ಮುಂದಿನ ರಾತ್ರಿಯ ನಿದ್ದೆಯು ಉಳಿಯಬಹುದು.