ಮುಚ್ಚಳದ ಕೆಳಗಿನ ಪ್ರಶ್ನೆ

*ಇಂದಿನ ಧಮ್ಮ ಚಿಂತನೆ*




ನಮ್ಮ ಜಿಲ್ಲೆಯಲ್ಲಿ ಈಗ ಪರಿಸರದ ಮಾತು ಜೋರಾಗಿದೆ. ಯಲಬುರ್ಗಾ, ಕುಕನೂರು ಕಡೆ ಎರೆ ಹೊಲಗಳಲ್ಲಿ ಗಾಳಿ ಫ್ಯಾನುಗಳು ತಿರುಗುತ್ತಿವೆ. ಗಿಣಿಗೇರಿ ಕಡೆ ಕಾರ್ಖಾನೆ ಹೊಗೆ. ಇವೆರಡೂ ದೂರದಿಂದಲೇ ಕಾಣುತ್ತವೆ, ಅದಕ್ಕೇ ಎಲ್ಲರೂ ಮಾತಾಡುತ್ತಾರೆ. ಇಂದು ಕಾಣದೆ ಇರುವ ಒಂದು ವಿಷಯ ಹಿಡಿಯೋಣ. ಅದು ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿನ ಮುಚ್ಚಳದ ಕೆಳಗಿದೆ. ಬೆಳಿಗ್ಗೆ ಬೆಳಿಗ್ಗೆ ಇದೇನು ಮಾತು ಅನ್ನಬೇಡಿ. ಈ ವಿಷಯವನ್ನು ತಲೆಮಾರುಗಳಿಂದ ತಲೆಯ ಮೇಲೆ ಹೊತ್ತವರು ಬೇರೆ ಯಾರೂ ಅಲ್ಲ.

ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಆಜೀವ ಎಂದು ಒಂದಿದೆ. ಅಂದರೆ ಸರಿಯಾದ ಜೀವನೋಪಾಯ. ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ, ಇವುಗಳ ವ್ಯಾಪಾರ ಬೇಡ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಾನು ಸಾರಾಯಿ ಮಾರುವುದಿಲ್ಲ, ಮೋಸ ಮಾಡುವುದಿಲ್ಲ, ನನ್ನ ನೌಕರಿ ಶುದ್ಧ ಎಂದು ಸಮಾಧಾನ ಪಡುತ್ತೇವೆ. ಆದರೆ ನನ್ನ ಮನೆಯ ಟ್ಯಾಂಕ್ ತುಂಬಿದಾಗ ನಾನು ಯಾರಿಗೆ ಫೋನ್ ಮಾಡುತ್ತೇನೆ? ಅಲ್ಲಿ ಆಜೀವದ ಪ್ರಶ್ನೆ ಬರುವುದು ಇಳಿಯುವವನಿಗೋ, ಕರೆಯುವವನಿಗೋ?

ಟ್ಯಾಂಕಿನೊಳಗೆ ಆಗುವುದನ್ನು ಸ್ವಲ್ಪ ತಿಳಿಯೋಣ. ಗಾಳಿ ಇಲ್ಲದ ಕಡೆ ಮಲ ಕೊಳೆತಾಗ ಮಿಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅದೇ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ, ಕೊಳೆತ ತತ್ತಿಯ ವಾಸನೆಯದು. ಅದು ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂದುಕೊಳ್ಳುವ ಹೊತ್ತಿಗೆ ಇಳಿದವನು ಕುಸಿದಿರುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನದೂ ಅದೇ ಗತಿ. ಪೇಪರಿನಲ್ಲಿ ಬರುವ ಸುದ್ದಿಗಳಲ್ಲಿ ಬಹಳ ಸಲ ಇಬ್ಬರು, ಮೂವರು ಒಟ್ಟಿಗೆ ಸತ್ತಿರುವುದು ಇದಕ್ಕೇ. ಭೂಮಿಯನ್ನು ಬಿಸಿ ಮಾಡುವುದೂ ನಮ್ಮವರನ್ನು ಕೊಲ್ಲುವುದೂ ಒಂದೇ ಗುಂಡಿಯಿಂದ ಏಳುತ್ತವೆ.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾಯ್ದೆ 1993ರಲ್ಲಿ ಬಂತು, 2013ರಲ್ಲಿ ಇನ್ನೂ ಗಟ್ಟಿಯಾದದ್ದು ಬಂತು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದರೆ ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ನಗರಸಭೆಗೆ, ಗುತ್ತಿಗೆದಾರನಿಗೆ ಮಾತ್ರ ಎಂದು ತಿಳಿಯಬೇಡಿ, ಕರೆಸಿದ ಮನೆಯ ಮಾಲೀಕನಿಗೂ ಅನ್ವಯಿಸುತ್ತದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, ಒಳಚರಂಡಿ ಸಾವುಗಳಿಗೆ 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ದರ ಏರಿತು. ಈ ವಿಷಯವನ್ನು ದೇಶದ ಮುಂದೆ ಇಟ್ಟು 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ಹುಟ್ಟಿದ್ದು ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ.

ಹಾಗಾದರೆ ಮಷೀನ್ ಬಂದರೆ ಸಾಕಲ್ಲ ಎಂದು ಯುವಕರು ಕೇಳುತ್ತಾರೆ. ಮಷೀನ್ ಬೇಕೇ ಬೇಕು. ಇದರಲ್ಲಿ ಬಾಬಾಸಾಹೇಬರಿಗೆ ಅನುಮಾನವೇ ಇರಲಿಲ್ಲ. 1945ರ ಪುಸ್ತಕದಲ್ಲಿ ಗಾಂಧಿವಾದವನ್ನು ಪರೀಕ್ಷೆ ಮಾಡುವಾಗ ಅವರು ಯಂತ್ರದ ಪರ ನಿಂತರು. ಮನುಷ್ಯ ಪಶುವಿನಂತೆ ದುಡಿಯುವುದು ತಪ್ಪಿ ಬಿಡುವು ಸಿಗಬೇಕಾದರೆ ಯಂತ್ರ ಬೇಕು, ಕೆಡುಕು ಇದ್ದರೆ ಅದು ಯಂತ್ರದ್ದಲ್ಲ, ಸಮಾಜ ಕಟ್ಟಿದ ರೀತಿಯದು ಎಂಬುದು ಅವರ ವಾದ. ಕಸ ಬಳಿಯುವುದು ಪವಿತ್ರ ಸೇವೆ ಎಂದು ಬಳಿಯುವವನಿಗೆ ಮಾತ್ರ ಹೇಳುವುದು ಅವರಿಗೆ ಕ್ರೂರ ತಮಾಷೆಯಾಗಿ ಕಂಡಿತ್ತು. (ಪ್ರತಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆಯಲ್ಲಿ ಶಾಲು, ಹಾರ ಹಾಕುವಾಗ ಇದು ನೆನಪಿಗೆ ಬರುತ್ತದೆ. ಹಾರ ಬೇಡ ಅನ್ನುತ್ತಿಲ್ಲ. ಅದರ ಜೊತೆ ಕಾಯಂ ಆದೇಶ ಇದೆಯೇ ಎಂದು ಕೇಳಬೇಕು.)

‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ರಾಜಗೃಹದ ಕಸಗುಡಿಸುವ ಸುನೀತನ ಕತೆ ಇದೆ. ಭಗವಾನರು ಬರುವುದನ್ನು ಕಂಡು ಅವನು ಗೋಡೆಗೆ ಅಂಟಿಕೊಂಡು ಕೈಮುಗಿದು ನಿಲ್ಲುತ್ತಾನೆ. ಭಗವಾನರು ಅವನ ಗುಡಿಸುವಿಕೆಯನ್ನು ಹೊಗಳಲಿಲ್ಲ. ಒಳ್ಳೆಯ ಪೊರಕೆಯನ್ನೂ ಕೊಡಲಿಲ್ಲ. ಈ ಬದುಕನ್ನು ಬಿಟ್ಟು ಬರುತ್ತೀಯಾ ಎಂದು ಕೇಳಿದರು. ನನಗೆ ಇಲ್ಲೇ ತೊಡಕು ಕಾಣುವುದು. ಬಾಬಾಸಾಹೇಬರು ಯಂತ್ರ ಬೇಕೆಂದರು, ಭಗವಾನರು ಹೊರಬರುವ ದಾರಿ ತೋರಿಸಿದರು. ಈಗಿನ ಸರ್ಕಾರಿ ಯೋಜನೆಗಳು ಹೆಚ್ಚಾಗಿ ಮೊದಲನೆಯದನ್ನು ಮಾತ್ರ ಹಿಡಿದಿವೆ. ‘ನಮಸ್ತೆ’ ಯೋಜನೆಯಲ್ಲಿ ಸಫಾಯಿ ಕಾರ್ಮಿಕರಿಗೆ ಸಕ್ಕಿಂಗ್ ಮಷೀನ್ ಕೊಳ್ಳಲು ಸಬ್ಸಿಡಿ ಇದೆ. ಗುಂಡಿಗೆ ಇಳಿಯುತ್ತಿದ್ದವನು ಗಾಡಿಯ ಮಾಲೀಕನಾಗುತ್ತಾನೆ. ಇದು ದೊಡ್ಡ ಬದಲಾವಣೆ, ಅಲ್ಲಗಳೆಯುವುದಿಲ್ಲ. ಆದರೆ ಅವನ ಮಗನೂ ಪೈಪ್ ಹಿಡಿಯಬೇಕು, ಊರಿನಲ್ಲಿ ಬೇರೆ ಯಾರೂ ಆ ಪೈಪ್ ಮುಟ್ಟುವುದಿಲ್ಲ ಎಂದಾದರೆ, ಜಾತಿಯೇ ಗಾಡಿ ಹತ್ತಿ ಕೂತಂತೆ ಆಗಲಿಲ್ಲವೇ?

ಯಂತ್ರ ಬಂದ ಮಾತ್ರಕ್ಕೆ ಮನಸ್ಸು ತೊಳೆಯುವುದಿಲ್ಲ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಹೋಟೆಲ್, ಕಟಿಂಗ್ ಅಂಗಡಿಗೆ ನಮ್ಮವರ ಪ್ರವೇಶದ ಜಗಳ ಬೆಳೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕರೆಂಟು, ಬೈಕು, ಮೊಬೈಲು ಎಲ್ಲ ಬಂದ ಮೇಲಿನ ಮಾತು ಇದು.

ಆದ್ದರಿಂದ ಒಂದು ತಂತ್ರಜ್ಞಾನ ಒಳ್ಳೆಯದೋ ಅಲ್ಲವೋ ಎಂದು ನೋಡಲು ಕರೆಂಟಿನ ಲೆಕ್ಕ, ಹೊಗೆಯ ಲೆಕ್ಕದ ಜೊತೆ ಇನ್ನೊಂದನ್ನೂ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ: *ಈ ಕೆಲಸವನ್ನು ಯಾವ ಮನುಷ್ಯ ಬೇಕಾದರೂ ಮಾಡಬಹುದಾದಂತೆ ಇದನ್ನು ಕಟ್ಟಿದ್ದಾರೆಯೇ, ಅಥವಾ ಇದು ಒಂದು ಕೇರಿಯವರನ್ನೇ ಕೇಳುತ್ತದೆಯೇ?*

ಎರಡು ಉದಾಹರಣೆ. ಬೆಂಗಳೂರು ಹತ್ತಿರದ ದೇವನಹಳ್ಳಿಯಲ್ಲಿ ಊರಿಗೆಲ್ಲ ಒಳಚರಂಡಿ ಇರಲಿಲ್ಲ. ನಮ್ಮ ಕುಷ್ಟಗಿಯ ಹಾಗೆಯೇ ಪುರಸಭೆಯ ಊರು. ಅಲ್ಲಿ 2015ರಲ್ಲಿ ಟ್ಯಾಂಕುಗಳ ಕೆಸರನ್ನು ಶುದ್ಧ ಮಾಡುವ ಒಂದು ಘಟಕ ಕಟ್ಟಿದರು. ಗಾಡಿ ತಂದು ಸುರಿದ ಕೆಸರು ಇಳಿಜಾರಿನಲ್ಲಿ ತಾನಾಗಿಯೇ ತೊಟ್ಟಿಯಿಂದ ತೊಟ್ಟಿಗೆ ಹರಿಯುತ್ತದೆ. ದಾರಿಯಲ್ಲಿ ಗೋಬರ್ ಗ್ಯಾಸಿನಂತೆ ಅನಿಲ ಬೇರೆಯಾಗುತ್ತದೆ, ನೀರು ಗಿಡ ನೆಟ್ಟ ಜಲ್ಲಿಯೊಳಗೆ ಸೋಸಿ ಹೋಗುತ್ತದೆ, ಗಟ್ಟಿ ಭಾಗ ಬಿಸಿಲಿಗೆ ಒಣಗುತ್ತದೆ. ಅದನ್ನು ಊರಿನ ಹಸಿ ಕಸದ ಜೊತೆ ಕಲಸಿ ಗೊಬ್ಬರ ಮಾಡುತ್ತಾರೆ. ಆಗ ಏಳುವ ಶಾಖಕ್ಕೆ ಹುಳದ ತತ್ತಿಗಳು ಸಾಯುತ್ತವೆ. ಶುದ್ಧೀಕರಣಕ್ಕೆ ಕರೆಂಟಿನ ಮೇಲೆ ನಿಂತಿಲ್ಲ.

ಇನ್ನೊಂದು ಮನೆ ಮಟ್ಟದ್ದು, ಜೋಡಿ ಗುಂಡಿಯ ಪಾಯಖಾನೆ. ಎರಡು ಗುಂಡಿ, ಜಾಲರಿಯಂತೆ ಸಂದು ಬಿಟ್ಟ ಇಟ್ಟಿಗೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು. ನೀರು ಮಣ್ಣಿಗೆ ಇಂಗುತ್ತದೆ. ಮುಚ್ಚಿಟ್ಟ ಗುಂಡಿಯನ್ನು ಎರಡು ವರ್ಷ ಬಿಟ್ಟು ತೆಗೆದರೆ ಒಳಗೆ ವಾಸನೆಯಿಲ್ಲದ ಕಪ್ಪು ಮಣ್ಣು. ಇಳಿಯುವುದಿಲ್ಲ, ಗ್ಯಾಸ್ ಇಲ್ಲ. ಇದು ಎಲ್ಲ ಕಡೆಗೂ ಆಗುವುದಿಲ್ಲ. ಮಸಾರಿ ನೆಲದಲ್ಲಿ ಸಲೀಸು. ಎರೆ ನೆಲದಲ್ಲಿ ನೀರು ಇಂಗುವುದು ನಿಧಾನ, ಗುಂಡಿಯ ಸುತ್ತ ಮರಳು ತುಂಬಬೇಕು. ಗಂಗಾವತಿಯ ಕಾಲುವೆ ಕೆಳಗಿನ ಗದ್ದೆಗಳ ಬಳಿ ನೆಲದ ನೀರು ಮೇಲೆಯೇ ಇರುವ ಕಡೆ ಊರಿಗೊಂದು ಘಟಕವೇ ಸರಿ. ಕುಡಿಯುವ ನೀರಿನ ಬೋರ್ ಹತ್ತಿರವಂತೂ ಗುಂಡಿ ತೋಡಲೇಬಾರದು.

ಇದರಲ್ಲಿ ನನಗೆ ಧಮ್ಮ ಕಾಣುವುದು ಹೀಗೆ. ಮಲವೂ ಅನಿತ್ಯ. ಸಮಯ ಕೊಟ್ಟರೆ, ಗಾಳಿ ಮಣ್ಣು ಕೊಟ್ಟರೆ ಎರಡು ವರ್ಷದಲ್ಲಿ ಅದು ಮಲವಾಗಿ ಉಳಿಯುವುದಿಲ್ಲ. ಮನುಷ್ಯನಿಗೆ ಅಂಟಿಸಿದ ಮೈಲಿಗೆ ಮಾತ್ರ ಎರಡು ಸಾವಿರ ವರ್ಷವಾದರೂ ಒಣಗಿಲ್ಲ. ಅದು ವಸ್ತುವಿನಲ್ಲಿ ಇಲ್ಲ, ನೋಡುವವನ ಮನಸ್ಸಿನಲ್ಲಿದೆ. ಕಾಯಲು ಒಲ್ಲದ ಸಮಾಜ, ಕಾಲ ಮಾಡಬೇಕಾದ ಕೆಲಸವನ್ನು ಒಂದು ಜಾತಿಯ ಕೈಯಲ್ಲಿ ಮಾಡಿಸಿತು.

ಎರಡು ವರ್ಷ ತುಂಬಿದ ಗುಂಡಿಯ ಮಣ್ಣನ್ನು ತೆಗೆಯಲು ಮನೆಯ ಯಜಮಾನ ತಾನೇ ಸಲಿಕೆ ಹಿಡಿಯುತ್ತಾನೋ, ಆಗಲೂ ಕೇರಿಗೇ ಹೇಳಿ ಕಳಿಸುತ್ತಾನೋ? ತಂತ್ರಜ್ಞಾನ ಇಲ್ಲಿಯವರೆಗೆ ತಂದು ನಿಲ್ಲಿಸುತ್ತದೆ. ಮುಂದಿನದು ನಮ್ಮ ಕೈಲಿದೆ. ನಮ್ಮಲ್ಲೂ ನೌಕರಿ ಹಿಡಿದು ಲೇಔಟಿನಲ್ಲಿ ಮನೆ ಕಟ್ಟಿದವರಿದ್ದಾರೆ. ನಮ್ಮ ಟ್ಯಾಂಕಿಗೆ ನಮಗಿಂತ ಬಡವನಾದ ನಮ್ಮವನನ್ನೇ ಕರೆಸಿ, ಕೂಲಿ ಕೊಟ್ಟೆವಲ್ಲ ಅನ್ನುವುದನ್ನು ನಿಷ್ಠುರವಾಗಿ ನೋಡಿಕೊಳ್ಳಬೇಕಾಗಿದೆ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳಿವೆ. ಶ್ರಮಿಸಿದರೆ ಎತ್ತರಕ್ಕೆ ಏರುವುದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯ, ಇಬ್ಬರೂ ಶ್ರಮಿಸಲಿ ಎಂಬುದು ಅಲ್ಲಿನ ಮಾತಿನ ತಾತ್ಪರ್ಯ. ಬಾವಿ ತೋಡಿಸಿ ದಾರಿಯಲ್ಲಿ ಮರ ನೆಡಿಸಿದ ಅದೇ ಅರಸ, ನಮ್ಮ ಊರಿನ ಕಲ್ಲಿನ ಮೇಲೆ ಇದನ್ನು ಬರೆಸಿದ.

ಭಾನುವಾರ ತ್ರಿಶರಣ, ಪಂಚಶೀಲದ ನಂತರ ಇದೇ ಚರ್ಚೆ. ಪುರಸಭೆಗೆ, ಪಟ್ಟಣ ಪಂಚಾಯಿತಿಗೆ ಕೊಡುವ ಮನವಿಯಲ್ಲಿ ಕೆಸರು ಘಟಕದ ಮಾತಿನ ಜೊತೆ, ಅದರ ಎಲ್ಲ ಹುದ್ದೆಗಳಿಗೆ ಎಲ್ಲ ಜಾತಿಯವರನ್ನೂ ನೇಮಿಸಬೇಕೆಂದು ಸೇರಿಸಬೇಕೋ ಹೇಗೆ, ಯೋಚಿಸಿಕೊಂಡು ಬನ್ನಿ. ಮನೆ ಕಟ್ಟಿಸುತ್ತಿರುವವರು ನಕ್ಷೆ ತನ್ನಿ, ಸಾಧ್ಯವಾದರೆ ಗೌಂಡಿಯನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.